ನಿವೃತ್ತಿಯಾದ ಮೇಲೆ ಸೇವೆ: ನನಗೇನು ಲಾಭ?

ಪ್ರಶ್ನೆ: ನನಗೆ 61 ವರ್ಷ. ಊರು ಕುಂದಾಪುರದ ಕಡೆ, ಇರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಬ್ಯಾಂಕಿನಲ್ಲಿ 36 ವರ್ಷ ದುಡಿದು ಹೋದ ವರ್ಷ ನಿವೃತ್ತನಾದೆ. ಮಗ ಪುಣೆಯಲ್ಲಿದ್ದಾನೆ. ನಿವೃತ್ತಿಯ ಮೇಲೆ ಬಿಪಿ ಮಾತ್ರೆ ಶುರುವಾಗಿದೆ, ನಿದ್ದೆ ಸರಿಯಿಲ್ಲ. ಹೊತ್ತು ಹೋಗಲಿ ಅಂತ ಅಡುಗೆಮನೆಯ ಡಬ್ಬಿಗಳಿಗೆಲ್ಲ ಲೇಬಲ್ ಅಂಟಿಸಿದೆ. ಅದಕ್ಕೂ ಮನೆಯಲ್ಲಿ ಜಗಳವಾಯಿತು. ‘ಎಲ್ಲಾದರೂ ಸೇವೆಗೆ ಹೋಗಿ’ ಅಂತ ಹೆಂಡತಿ ದಿನಾ ಹೇಳುತ್ತಾಳೆ. ಒಮ್ಮೆ ಒಂದು ಸಂಘದ ಕಾರ್ಯಕ್ರಮಕ್ಕೆ ಹೋಗಿ ದುಡಿದೆ. ಕುರ್ಚಿ ಹಾಕಿಸಿದರು, ಊಟದ ಕೂಪನ್ ಹಂಚಿಸಿದರು. ಆಮೇಲೆ ಯಾರೂ ವಿಚಾರಿಸಲಿಲ್ಲ. ನೇರವಾಗಿ ಕೇಳುತ್ತೇನೆ: ಹೀಗೆ ಪುಕ್ಕಟೆ ದುಡಿದರೆ ನನಗೇನು ಲಾಭ? ಹಾಗೆ ಕೇಳುವುದೇ ತಪ್ಪಾ?

ಉತ್ತರ: ತಪ್ಪಲ್ಲ. 36 ವರ್ಷ ಜಮಾ-ಖರ್ಚು ನೋಡಿದವರು ಇದನ್ನು ಕೇಳದೇ ಇದ್ದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ನಾನು ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ 24 ವರ್ಷ ಮೆಡಿಕಲ್ ಸೋಷಿಯಲ್ ವರ್ಕರ್ ಆಗಿದ್ದೆ. ವಾಲಂಟಿಯರ್‌ಗಳನ್ನು ಆರಿಸುವುದು, ಅವರಿಗೆ ಕೆಲಸ ಕಲಿಸುವುದು, ಮುನಿಸಿಕೊಂಡರೆ ಸಮಾಧಾನ ಮಾಡುವುದು, ಇವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ‘ನನಗೇನೂ ಬೇಡ ಮೇಡಂ, ಬರೀ ಸೇವೆ’ ಅಂತ ಕೈಮುಗಿದುಕೊಂಡು ಬಂದವರಲ್ಲಿ ಎಷ್ಟೋ ಜನ ಎರಡನೇ ತಿಂಗಳಿಗೇ ಕಾಣೆಯಾದರು. ‘ಮನೇಲಿ ಕೂತು ಬೇಜಾರು, ಅದಕ್ಕೇ ಬಂದೆ’ ಅಂದವರು ಹತ್ತು ವರ್ಷ ಬಂದದ್ದುಂಟು.

ಮೊದಲು ಬಿಪಿ ವಿಷಯ ಮುಗಿಸಿಬಿಡೋಣ. ‘ಸೇವೆ ಮಾಡಿದರೆ ಬಿಪಿ ಇಳಿಯುತ್ತದೆ’ ಅಂತ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಅದರ ಮೂಲದಲ್ಲಿ ಒಂದು ನಿಜವಾದ ಅಧ್ಯಯನ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ್ದು. 51ರಿಂದ 91 ವರ್ಷದ 1,164 ಜನರನ್ನು ನೋಡಿದರು. ಶುರುವಿನಲ್ಲಿ ಅವರಲ್ಲಿ ಯಾರಿಗೂ ಬಿಪಿ ಇರಲಿಲ್ಲ. ನಾಲ್ಕು ವರ್ಷ ಬಿಟ್ಟು ನೋಡಿದಾಗ, ವರ್ಷಕ್ಕೆ 200 ಗಂಟೆಯಾದರೂ ಸ್ವಯಂಸೇವೆ ಮಾಡಿದವರಿಗೆ ಬಿಪಿ ಬರುವ ಸಾಧ್ಯತೆ ಮಾಡದವರಿಗಿಂತ ಶೇ 40ರಷ್ಟು ಕಡಿಮೆ ಇತ್ತು. ಆದರೆ ಇದು ಬಿಪಿ ಇಲ್ಲದವರ ಲೆಕ್ಕ, ನಿಮಗೆ ಆಗಲೇ ಬಂದಾಗಿದೆ. ಇನ್ನೊಂದು ಅಧ್ಯಯನ 2020ರದ್ದು, ಇನ್ನೂ ದೊಡ್ಡದು. 50 ದಾಟಿದ ಸುಮಾರು 13,000 ಜನ. ವರ್ಷಕ್ಕೆ 100 ಗಂಟೆ, ಅಂದರೆ ವಾರಕ್ಕೆ ಸುಮಾರು ಎರಡು ಗಂಟೆ ಸೇವೆ ಮಾಡಿದವರಲ್ಲಿ ಸಾವು ಕಡಿಮೆ, ಕೈಕಾಲಿನ ಓಡಾಟ ಚೆನ್ನಾಗಿತ್ತು, ಒಂಟಿತನ ಕಡಿಮೆ. ಆದರೆ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಮಾತ್ರೆ ಬಿಡಬೇಡಿ. ಸೇವೆ ಮಾತ್ರೆಯ ಜಾಗಕ್ಕೆ ಬರುವುದಿಲ್ಲ.

ನಿಮ್ಮ ಬ್ಯಾಂಕಿನ ಬುದ್ಧಿ ಇನ್ನೊಂದು ಪ್ರಶ್ನೆ ಕೇಳುತ್ತದೆ, ನನಗೆ ಗೊತ್ತು. ಮೊದಲೇ ಗಟ್ಟಿಮುಟ್ಟಾಗಿ ಇರುವವರೇ ಸೇವೆಗೆ ಹೋಗುವುದು ಅಲ್ವಾ? ಹಾಸಿಗೆ ಹಿಡಿದವನು ಎಲ್ಲಿಗೆ ಹೋಗುತ್ತಾನೆ? ಸರಿಯಾದ ಅನುಮಾನ. ಅದಕ್ಕೇ ನನಗೆ ಬಾಲ್ಟಿಮೋರ್ ನಗರದ ಪ್ರಯೋಗ ಜಾಸ್ತಿ ಇಷ್ಟ. ಅಲ್ಲಿ 60 ದಾಟಿದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ 15 ಗಂಟೆ ಪ್ರಾಥಮಿಕ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದು ಹೇಳಿಕೊಡಬೇಕು, ಲೈಬ್ರರಿಯಲ್ಲಿ ನೆರವಾಗಬೇಕು. ಇನ್ನೊಂದು ಗುಂಪಿನ ಸರದಿ ಆಮೇಲೆ. ಶಾಲೆಗೆ ಹೋದವರ ಓಡಾಟ ಹೆಚ್ಚಿತು, ಟಿವಿ ಮುಂದೆ ಕೂರುವ ಹೊತ್ತು ಕಡಿಮೆಯಾಯಿತು. ಕಷ್ಟ ಬಂದರೆ ಇಂಥವರ ಹತ್ತಿರ ಹೋಗಬಹುದು ಅನ್ನುವಂಥ ಜನರ ಸಂಖ್ಯೆಯೂ ಅವರಿಗೆ ಬೆಳೆಯಿತು. ಯಾರೂ ಅವರಿಗೆ ‘ವಾಕಿಂಗ್ ಮಾಡಿ’ ಅಂತ ಉಪದೇಶ ಮಾಡಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಬೇಕಿತ್ತು, ಹತ್ತಿದರು.

ಇಷ್ಟು ಅಂಕಿಸಂಖ್ಯೆ ಸಾಕು. ಲಾಭ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ತಿಳಿದದ್ದು ಒಂದು ಪ್ಲಾಸ್ಟಿಕ್ ಕುರ್ಚಿಯ ಹತ್ತಿರ.

ನಮ್ಮಲ್ಲಿಗೆ ಬರುತ್ತಿದ್ದ ವಾಲಂಟಿಯರ್ ಒಬ್ಬರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕಾರ್ಕಳದ ಕಡೆಯವರು, ಮಾತು ಕಡಿಮೆ. ಮಂಗಳವಾರ ಮತ್ತು ಶುಕ್ರವಾರ ಹನ್ನೊಂದರಿಂದ ಎರಡರ ತನಕ ಓಪಿಡಿ ಬಾಗಿಲ ಪಕ್ಕ ಕೂರುತ್ತಿದ್ದರು. ಕೊರಳಲ್ಲಿ ಆಸ್ಪತ್ರೆಯ ಕಾರ್ಡು. ಅದರ ಕೆಳಗೆ ‘ಕನ್ನಡ’ ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದ ರಟ್ಟಿನ ತುಂಡು. ಶುರುವಿನಲ್ಲಿ ಅವರಿಗೂ ನಿಮ್ಮ ಹಾಗೇ ಅನಿಸಿತ್ತು: ‘ಸುಮ್ನೆ ಕೂರೋಕೆ ಇಲ್ಲಿಗೆ ಯಾಕೆ ಬರಬೇಕು?’

ಒಂದು ದಿನ ಸಿಂದಗಿ ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಗಂಡನಿಗೆ ಬಾಯಿಯ ಕ್ಯಾನ್ಸರ್ ಅಂತ ಊರಿನ ಕಡೆ ಹೇಳಿದ್ದರು. ಕೌಂಟರಿನ ಹುಡುಗಿ ಫೈಲು ನೋಡಿ ‘ಬ್ಲಾಕ್ ಕುಠೆ ಆಹೆ?’ ಅಂದಳು. ಬ್ಲಾಕ್ ಎಲ್ಲಿದೆ ಅಂತ. ಬಯಾಪ್ಸಿಗೆ ತೆಗೆದ ಮಾಂಸದ ಚೂರನ್ನು ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿಸಿ ಇಡುತ್ತಾರೆ, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ದೊಡ್ಡ ಆಸ್ಪತ್ರೆಯವರು ಅದನ್ನು ತಾವೇ ಇನ್ನೊಮ್ಮೆ ಪರೀಕ್ಷೆ ಮಾಡುತ್ತಾರೆ. ಆ ಮನುಷ್ಯ ‘ಸಿಂದಗೀರಿ’ ಅಂದ. ಯಾವ ತಾಲೂಕು ಅಂತ ಕೇಳಿದಳು ಅಂದುಕೊಂಡಿದ್ದ. ಅವಳು ಮತ್ತೆ ಕೇಳಿದಳು. ಅವನು ಮತ್ತೆ ಜೋರಾಗಿ ‘ಸಿಂದಗಿ, ಬಿಜಾಪುರ ಜಿಲ್ಲಾ’ ಅಂದ. ಹಿಂದಿನ ಸಾಲು ಗೊಣಗಲು ಶುರುಮಾಡಿತು.

ನಮ್ಮ ಅಂಚೆಯವರು ಎದ್ದು ಹೋದರು. ‘ಲ್ಯಾಬಿನವರು ಮೇಣದ ಸಣ್ಣ ತುಂಡು ಏನಾದರೂ ಕೊಟ್ಟಿದ್ದಾರಾ?’ ಅಂತ ಕೇಳಿದರು. ಹೆಂಡತಿಯ ಮುಖ ಅರಳಿತು. ‘ಅದಾ ಏನ್ರೀ? ಐತಿ ಐತಿ’ ಅನ್ನುತ್ತ ನೆಲದ ಮೇಲೆ ಕೂತು ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಪುಡಿ, ಅದರ ಕೆಳಗೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿಟ್ಟ ಸ್ಲೈಡು ಮತ್ತು ಬ್ಲಾಕು. ಒಡೆಯಬಾರದು ಅಂತ ರೊಟ್ಟಿಯ ನಡುವೆ ಇಟ್ಟಿದ್ದಳು. ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷ ಇಲ್ಲದಿದ್ದರೆ ಅವರು ‘ಇಲ್ಲ’ ಅಂತ ತಿಳಿದು ಊರಿಗೆ ವಾಪಸ್ ಹೊರಡುತ್ತಿದ್ದರು. ಅಂಥವರನ್ನು ನಾನು ನೋಡಿದ್ದೇನೆ.

ಇದು ಅವರಿಗಾದ ಲಾಭ. ನೀವು ಕೇಳಿದ್ದು ಅಂಚೆಯವರಿಗೆ ಏನು ಸಿಕ್ಕಿತು ಅಂತ. ಮುಂದಿನ ಶುಕ್ರವಾರ ಅವರು ಹನ್ನೊಂದಕ್ಕೆ ಬಂದಾಗ ಆ ಹೆಂಗಸು ಕುರ್ಚಿಯ ಪಕ್ಕವೇ ಕೂತಿದ್ದಳು. ‘ಯಜ್ಜಾ, ಎಲ್ಲಿ ಹೋಗಿದ್ರಿ? ಒಂಬತ್ತಕ್ಕ ಬಂದು ಕುಂತೇವಿ’ ಅಂದಳು. ಅವರು ನನ್ನ ಹತ್ತಿರ ಬಂದು ಸಿಡಿಮಿಡಿ ಮಾಡಿದರು. ‘ನಾನು ಬರೋದು ಹನ್ನೊಂದಕ್ಕೆ ಅಂತ ಒಂದು ಬೋರ್ಡ್ ಹಾಕಿಸಿ ಮೇಡಂ’ ಅಂದರು. ಬೋರ್ಡ್ ಮಾಡಿಸುವಷ್ಟರಲ್ಲಿ ಅವರೇ ಒಂಬತ್ತೂವರೆಗೆ ಬರಲು ಶುರುಮಾಡಿದ್ದರು.

ನನ್ನ ಮಾತು ಇಷ್ಟೇ. ಒಬ್ಬರು ನಿಮಗಾಗಿ ಕಾಯುತ್ತಿರಬೇಕು. ಒಂದು ಜಾಗ, ವಾರದಲ್ಲಿ ಒಂದು ದಿನ, ಒಂದು ಹೊತ್ತು, ಅಲ್ಲಿ ನೀವು ಹೋಗದಿದ್ದರೆ ಯಾರಿಗಾದರೂ ಗೊತ್ತಾಗಬೇಕು. ಬ್ಯಾಂಕಿನಲ್ಲಿ 36 ವರ್ಷ ನಿಮಗೆ ಇದು ಕೇಳದೇ ಸಿಕ್ಕಿತ್ತು. ಪೆನ್ಷನ್ ದಿನ ಶಟರ್ ಏಳುವ ಮೊದಲೇ ಸಾಲು ನಿಲ್ಲುತ್ತಿತ್ತು ಅಲ್ವಾ? ಬೈದುಕೊಂಡೇ ನಿಲ್ಲಲಿ, ನಿಮ್ಮನ್ನು ಕಾಯುತ್ತಿದ್ದರು. ಈಗ ಬೆಳಗ್ಗೆ ಏಳೂವರೆಯ ಲೋಕಲ್ ನೀವಿಲ್ಲದೆಯೇ ಹೋಗುತ್ತದೆ. ನಿದ್ದೆ ಕೆಟ್ಟದ್ದು ಇದರಿಂದಲೂ ಇರಬಹುದು. ಬೆಳಗ್ಗೆ ಏಳಲು ಒಂದು ಕಾರಣ ಇದ್ದವನಿಗೆ ರಾತ್ರಿ ಮಲಗಲೂ ಸುಲಭ. ಆದರೂ ನಿದ್ದೆಯ ವಿಷಯವನ್ನು ಡಾಕ್ಟರಿಗೆ ಒಮ್ಮೆ ಹೇಳಿ, ಬಿಪಿ ಮಾತ್ರೆಯ ಹೊತ್ತೂ ಕೇಳಿಕೊಳ್ಳಿ.

ಈಗ ನಿಮ್ಮ ಕುರ್ಚಿ-ಕೂಪನ್ ಕಥೆ. ಅಲ್ಲಿ ನಿಮಗೆ ಏನೂ ಸಿಗಲಿಲ್ಲ, ಯಾಕೆಂದರೆ ಆ ಕುರ್ಚಿ ಯಾರು ಹಾಕಿದರೂ ಆಗುತ್ತಿತ್ತು. ಮರುದಿನ ನೀವು ಬೇಕಿರಲಿಲ್ಲ. ಅದಕ್ಕಾಗಿ ಸಂಘಗಳನ್ನೇ ಬೈಯಬೇಡಿ. ಮುಂಬಯಿ ಕನ್ನಡಿಗರ ಸಂಘಗಳು ಶಾಲು-ಹಾರಕ್ಕೆ ಹುಟ್ಟಿದವಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ. ನಿಮ್ಮ ಕಡೆಯಿಂದ ಬಂದ ಹೋಟೆಲ್ ಹುಡುಗರು ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಓದಿದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಶಾಲೆಗಳಲ್ಲಿ ಪಾಠ ಹೇಳಿದವರಲ್ಲಿ ಹಗಲು ಆಫೀಸಿನಲ್ಲಿ ದುಡಿದು ಬಂದವರಿದ್ದರು. ಎಂಟು ಗಂಟೆಗೆ ಹುಡುಗರು ಬೆಂಚಿನ ಮೇಲೆ ಕಾಯುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಅದೇ ವ್ಯತ್ಯಾಸ. ಸಂಘಕ್ಕೆ ಹೋಗುವುದಾದರೆ ಕಾರ್ಯಕ್ರಮದ ದಿನ ಹೋಗಬೇಡಿ, ಕಾರ್ಯಕ್ರಮ ಇಲ್ಲದ ದಿನ ಹೋಗಿ ‘ವಾರಾವಾರ ಏನು ನಡೆಯುತ್ತದೆ?’ ಅಂತ ಕೇಳಿ.

‘ನನಗೇನು ಲಾಭ’ ಅನ್ನುವ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಒಂದು ಮಜದ ಸಂಶೋಧನೆ ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಹೈಸ್ಕೂಲ್ ಮುಗಿಸಿದವರನ್ನು ದಶಕಗಳ ಕಾಲ ಗಮನಿಸುತ್ತ ಬಂದಿದ್ದಾರೆ. 2004ರಲ್ಲಿ ಅವರನ್ನು ‘ನೀವು ಯಾಕೆ ಸೇವೆ ಮಾಡುತ್ತೀರಿ?’ ಅಂತ ಕೇಳಿದರು. ನಾಲ್ಕು ವರ್ಷದ ಮೇಲೆ ಯಾರು ಬದುಕಿದ್ದಾರೆ ಅಂತ ನೋಡಿದರು. ಬೇರೆಯವರಿಗಾಗಿ ಅಂದವರಲ್ಲಿ ಸಾವು ಕಡಿಮೆ. ನನಗೆ ಒಳ್ಳೆಯದಾಗಲಿ ಅಂತಲೇ ಮಾಡಿದವರಿಗೂ ಏನೂ ಮಾಡದವರಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. 2012ರಲ್ಲಿ ಇದು ಪ್ರಕಟವಾದಾಗ ನಾವು ವಾಲಂಟಿಯರ್ ವಿಭಾಗದಲ್ಲಿ ಚಹಾ ಕುಡಿಯುತ್ತ ತುಂಬಾ ನಕ್ಕಿದ್ದೆವು. ಲಾಭ ಬೇಕು ಅಂತ ಹೋದವನಿಗೆ ಲಾಭ ಸಿಗುವುದಿಲ್ಲ ಅಂದ ಹಾಗಾಯಿತಲ್ಲ! ನನ್ನ ಅನುಭವ ಸ್ವಲ್ಪ ಬೇರೆ. ಬಾಗಿಲಲ್ಲಿ ಏನು ಲೆಕ್ಕ ಹಾಕಿಕೊಂಡು ಬಂದರೂ ಪರವಾಗಿಲ್ಲ. ಮೂರು ನಾಲ್ಕು ವಾರದಲ್ಲಿ ಒಂದು ಮುಖ, ಒಂದು ಹೆಸರು ತಲೆಯಲ್ಲಿ ಕೂರುತ್ತದೆ. ‘ಆ ಸಿಂದಗಿಯವನ ರಿಪೋರ್ಟ್ ಬಂತಾ’ ಅಂತ ರಾತ್ರಿ ಊಟದ ಹೊತ್ತಿಗೆ ನೆನಪಾದರೆ ಲೆಕ್ಕ ಮರೆತಿದೆ ಅಂತ ಅರ್ಥ. ಅಷ್ಟಾದ ಮೇಲೂ ನೆನಪಾಗದಿದ್ದರೆ ಆ ಜಾಗ ನಿಮಗೆ ಸರಿಯಲ್ಲ, ಬದಲಾಯಿಸಿ. ಸಂಕೋಚ ಬೇಡ.

ಹಾಗಾದರೆ ನಿಮಗೆ ಯಾವುದು ಸರಿ? ನಿಮ್ಮ ಹತ್ತಿರ ಎರಡು ಆಸ್ತಿ ಇವೆ. ಒಂದು ಕನ್ನಡದ ಜೊತೆ 36 ವರ್ಷದ ಮುಂಬಯಿ ಹಿಂದಿ-ಮರಾಠಿ. ಇನ್ನೊಂದು ಫಾರಂ ತುಂಬುವ ಕೈ. ಎರಡನೆಯದನ್ನು ನೀವು ಆಸ್ತಿ ಅಂದುಕೊಂಡೇ ಇಲ್ಲ ಅನಿಸುತ್ತದೆ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇದೆ, ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕಲಬುರಗಿ, ಬೀದರ, ವಿಜಯಪುರ, ಬೆಳಗಾವಿ ಕಡೆಯ ಎಷ್ಟೋ ಜನಕ್ಕೆ ಬೆಂಗಳೂರಿಗಿಂತ ಮುಂಬಯಿ ರೈಲೇ ಅಭ್ಯಾಸ. ಚಿಕಿತ್ಸೆಗೆ ಹಣದ ನೆರವು ಕೇಳಬೇಕು ಅಂದರೆ ಅರ್ಜಿ, ಡಾಕ್ಟರು ಕೊಟ್ಟ ಖರ್ಚಿನ ಅಂದಾಜು, ಆದಾಯ ಪ್ರಮಾಣಪತ್ರ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್. ನಾಡಕಚೇರಿಯ ಆದಾಯ ಪ್ರಮಾಣಪತ್ರ ಹೆಚ್ಚಾಗಿ ಕನ್ನಡದಲ್ಲಿರುತ್ತದೆ. ಇಲ್ಲಿನ ಕ್ಲರ್ಕ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ, ಪಾಪ, ಅವನಾದರೂ ಏನು ಮಾಡಿಯಾನು? ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಅದೇ ಹೆಸರಿಗೆ ಇನ್ನೊಂದು ಸ್ಪೆಲಿಂಗ್. ಇದನ್ನು ನೋಡಿದ ಕೂಡಲೇ ಎಲ್ಲಿ ಅಡ್ಡ ಬರುತ್ತದೆ ಅಂತ ನಿಮಗೆ ಹೊಳೆಯುತ್ತದೆ. ರೋಗಿಯ ಮಗನಿಗೆ ಹೊಳೆಯುವುದಿಲ್ಲ. ಆಸ್ಪತ್ರೆಗಳ ಸಮಾಜ ಸೇವಾ ವಿಭಾಗಕ್ಕೆ ಹೋಗಿ ವಾಲಂಟಿಯರ್ ಆಗಬೇಕು ಅಂತ ಕೇಳಿ. ಸಂದರ್ಶನ ಮಾಡುತ್ತಾರೆ, ಒಂದಷ್ಟು ದಿನ ಕಲಿಸುತ್ತಾರೆ. ಅದಕ್ಕೆ ಮುನಿಸಿಕೊಳ್ಳಬೇಡಿ. ನೇರವಾಗಿ ವಾರ್ಡಿಗೆ ಬಿಡುವ ಆಸ್ಪತ್ರೆಯನ್ನು ನಾನಾದರೆ ನಂಬುವುದಿಲ್ಲ.

ಡೊಂಬಿವಲಿಯಿಂದ ಪರೇಲ್ ದೂರ, ನಿಜ. ಹನ್ನೊಂದರ ಮೇಲೆ ಹೊರಟು ನಾಲ್ಕರೊಳಗೆ ವಾಪಸ್ ಗಾಡಿ ಹತ್ತುವ ಹಾಗೆ ಹೊತ್ತು ಹಾಕಿಕೊಳ್ಳಿ. ಬೆಳಗಿನ ನೂಕುನುಗ್ಗಲಿನಲ್ಲಿ ಹೋದರೆ ಆ ಬಿಪಿಗೆ ಯಾವ ಸೇವೆಯೂ ಸಾಲದು. ಅದೂ ಆಗದಿದ್ದರೆ ನಿಮ್ಮ ಹತ್ತಿರದ ಮುನಿಸಿಪಲ್ ಶಾಲೆ, ವಾಚನಾಲಯ, ನಿಮ್ಮದೇ ಸೊಸೈಟಿಯಲ್ಲಿ ಒಬ್ಬರೇ ಇರುವ ಹಿರಿಯರು. ಅವರ ನೆಟ್‌ಬ್ಯಾಂಕಿಂಗ್ ಒಂದು ಸರಿ ಮಾಡಿಕೊಟ್ಟು ನೋಡಿ, ವಾರ ಪೂರ್ತಿ ಬಾಗಿಲು ತಟ್ಟುತ್ತಾರೆ.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಕೆಲಸವನ್ನೂ ಕೆಲವರು ಹೇಳಬಹುದು. ಅದು ಒಳ್ಳೆಯ ಕೆಲಸ, ಆದರೆ ನಿಮ್ಮದಲ್ಲ. ಪರೀಕ್ಷೆಗೆ ಕೂತವರಿಗಿಂತ ಒಂದು ಮೆಟ್ಟಿಲಾದರೂ ಕಡಿಮೆ ಓದಿದವರೇ ಬರೆಯಬೇಕು ಅನ್ನುವ ನಿಯಮ ಸಾಮಾನ್ಯವಾಗಿ ಇರುತ್ತದೆ. ಪಕ್ಕದ ಮನೆಯ ಹನ್ನೊಂದನೇ ಕ್ಲಾಸಿನ ಹುಡುಗಿಗೆ ಹೇಳಿ. ನೀವು ಬೇಕಾದರೆ ಪಾಠ ಓದಿ ಹೇಳಬಹುದು, ರೆಕಾರ್ಡ್ ಮಾಡಿ ಕೊಡಬಹುದು.

ವಯಸ್ಸಾಯಿತು ಅನ್ನುವ ನೆಪ ಬೇಡ. ವಕೀಲ ಅಫ್ರೋಜ್ ಶಾ ವರ್ಸೋವಾ ಬೀಚಿನ ಕಸ ಎತ್ತಲು ಶುರುಮಾಡಿದ್ದು 2015ರ ಅಕ್ಟೋಬರಿನಲ್ಲಿ. ಮೊದಲು ಅವರ ಜೊತೆ ಇದ್ದವರು ನೆರೆಮನೆಯ ಒಬ್ಬರೇ, ವಯಸ್ಸು 84. ವಾರಾವಾರ ಹೋದರು, ಜನ ಸೇರುತ್ತ ಹೋದರು. 2016ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು, 2018ರಲ್ಲಿ ಅದೇ ದಂಡೆಯಲ್ಲಿ ಕಡಲಾಮೆ ಮರಿಗಳು ಕಂಡವು. ಪ್ರಶಸ್ತಿ, ಆಮೆ ಎಲ್ಲ ಇರಲಿ. ನನಗೆ ಬೇಕಾದದ್ದು ಆ 84.

ಈಗ ಎಚ್ಚರಿಕೆಯ ಮಾತು. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನೀರು ಇಳಿದ ಮೇಲೆ ಇಲಿಜ್ವರ ಶುರುವಾಯಿತು. ನಾನು ಡ್ಯೂಟಿ ಮುಗಿಸಿ ಒಂದು ಗುಂಪಿನ ಜೊತೆ ಚಾಳುಗಳಿಗೆ ಹೋಗುತ್ತಿದ್ದೆ, ಮಾತ್ರೆ ಹಂಚಲು. ಒಂಬತ್ತು ವಾರ, ಭಾನುವಾರವೂ ಬಿಡಲಿಲ್ಲ. ‘ನಾಳೆ ಬೇಡ’ ಅಂತ ಗುಂಪಿನಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತನೇ ವಾರ ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತವಳಿಗೆ ಕೆಳಗೆ ಇಳಿಯಲು ಆಗಲಿಲ್ಲ. ಕಾಲು ನೋವಲ್ಲ. ಇನ್ನೊಂದು ಬಾಗಿಲು ತಟ್ಟುವ ಮನಸ್ಸೇ ಇರಲಿಲ್ಲ. ಮನೆಗೆ ಬಂದು ಎರಡು ತಿಂಗಳು ಯಾರ ಫೋನೂ ಎತ್ತಲಿಲ್ಲ. ಮಗಳಿಗೆ ಆಗ ಆರು ವರ್ಷ, ಅವಳ ಮೇಲೆ ಸುಮ್ಮನೆ ರೇಗುತ್ತಿದ್ದೆ. ಆಸ್ಟ್ರೇಲಿಯಾದಲ್ಲಿ 60 ದಾಟಿದವರ ಮೇಲೆ ನಡೆದ ಅಧ್ಯಯನದಲ್ಲೂ ಹೀಗೇ ಕಂಡಿದೆ: ವರ್ಷಕ್ಕೆ 100 ಗಂಟೆಯಿಂದ ನೆಮ್ಮದಿ ಏರುತ್ತದೆ, 800 ದಾಟಿದರೆ ಇಳಿಯುತ್ತದೆ. ನೀವು ವಾರಕ್ಕೆ ಎರಡು ದಿನ, ಮೂರು ಮೂರು ಗಂಟೆ ಇಟ್ಟುಕೊಳ್ಳಿ. ವರ್ಷಕ್ಕೆ 300ರ ಹತ್ತಿರ ಆಗುತ್ತದೆ. ಜಾಸ್ತಿ ಕೇಳಿದರೆ ‘ಮನೆಯಲ್ಲಿ ಬಿಡುವುದಿಲ್ಲ’ ಅನ್ನಿ. ಹೆಂಡತಿಯ ಹೆಸರು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು. ನೀವು ಎಲ್ಲಿಗೆ ಹೋದರೂ ‘ಬ್ಯಾಂಕಿನಲ್ಲಿದ್ದೆ’ ಅಂದ ಕೂಡಲೇ ಖಜಾಂಚಿ ಮಾಡಲು ನೋಡುತ್ತಾರೆ. ಒಂದು ವರ್ಷ ಒಪ್ಪಬೇಡಿ. ಖಜಾಂಚಿಗೆ ಸಿಗುವುದು ಮತ್ತೆ ಅದೇ ವೋಚರು, ಅದೇ ಆಡಿಟರು, ಜೊತೆಗೆ ಕಮಿಟಿಯ ಜಗಳ. ಅಲ್ಲಿ ನಿಮ್ಮನ್ನು ಕಾಯುವವರು ಸಹಿಗಾಗಿ ಕಾಯುತ್ತಾರೆ. ರೋಗಿಗಳ ಹಣವನ್ನಂತೂ ಮುಟ್ಟಲೇಬೇಡಿ, ‘ಸ್ವಲ್ಪ ಇಟ್ಟುಕೊಳ್ಳಿ ಸರ್’ ಅಂದರೂ. ನಿಮ್ಮ ಜೇಬಿನಿಂದ ಕೊಡುವುದೂ ಬೇಡ, ಮೊದಲ ತಿಂಗಳಲ್ಲಿ ಎಲ್ಲರಿಗೂ ಆ ಆಸೆ ಬರುತ್ತದೆ. ಯಾವ ಮಾತ್ರೆ ಒಳ್ಳೆಯದು ಅಂತ ಹೇಳಬೇಡಿ. ಅವರ ಕಾಯಿಲೆಯ ವಿಷಯವನ್ನು ಸೊಸೈಟಿ ಬೆಂಚಿನ ಮೇಲೆ ಮಾತಾಡಬೇಡಿ.

ನಿಮ್ಮ ಮನೆಯವರ ಪರವಾಗಿ ಒಂದು ಮಾತು ಹೇಳುತ್ತೇನೆ, ಅವರು ಕೇಳಿಲ್ಲದಿದ್ದರೂ. ಇಷ್ಟು ವರ್ಷ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರ ತನಕ ಆ ಮನೆ ಅವರದಾಗಿತ್ತು. ಯಾವ ಡಬ್ಬಿಯಲ್ಲಿ ಏನಿದೆ ಅಂತ ಕೈಗೆ ಗೊತ್ತಿತ್ತು. ಈಗ ‘ಕಡಲೆಬೇಳೆ’ ಅಂತ ಬರೆದ ಡಬ್ಬಿ ನೋಡಿ ಅವರಿಗೆ ಏನನಿಸಿರಬೇಕು? ಆಫೀಸಿನ ನಿಮ್ಮ ಡ್ರಾಯರಿಗೆ ಬೇರೆಯವರು ಬೀಗ ಹಾಕಿದ ಹಾಗೆ. ನೀವು ವಾರಕ್ಕೆ ಎರಡು ದಿನ ಹೊರಗೆ ಹೋದರೆ ಅವರಿಗೂ ಎರಡು ದಿನ ಅವರ ಮನೆ ವಾಪಸ್ ಸಿಗುತ್ತದೆ. ಸಂಜೆ ಬಂದು ಹೇಳಲು ನಿಮ್ಮ ಹತ್ತಿರ ಒಂದು ಸುದ್ದಿ ಇರುತ್ತದೆ. ನೀವಿಬ್ಬರೂ ಅದಕ್ಕಾಗಿ ಕಾಯುತ್ತೀರಿ ಅಂತ ಕೆಲವು ವಾರದಲ್ಲಿ ಗೊತ್ತಾಗುತ್ತದೆ.

ಮೊದಲ ದಿನ ಓದುವ ಕನ್ನಡಕ, ಎರಡು ನೀಲಿ ಪೆನ್ನು, ಒಂದು ಸ್ಟೇಪ್ಲರ್ ಇಟ್ಟುಕೊಂಡು ಹೋಗಿ. ಸ್ಟೇಪ್ಲರ್ ಎಲ್ಲಿಯೂ ಇರುವುದಿಲ್ಲ, ಎಲ್ಲರಿಗೂ ಬೇಕು. ಹೊರಡುವ ಮೊದಲು ಆ ಡಬ್ಬಿಗಳ ಲೇಬಲ್ ಕಿತ್ತುಬಿಡಿ. ಅಂಟು ಬಿಡದಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಬರುತ್ತದೆ.